ಶ್ರೀಸಾಮಾನ್ಯನ ಮೌನ, ನಮ್ಮ ಮೌನ

ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳ ಪುಸ್ತಕಗಳನ್ನು ಓದುವವರಲ್ಲಿ ಎರಡು ಪಂಗಡಗಳಿವೆ. ‘ಅಯ್ಯೋ, ಅದೂ ಒಂದು ಪುಸ್ತಕವೇ? ಬಸ್ಸಿನಲ್ಲಿ ಹೊತ್ತು ಕಳೆಯುವುದಕ್ಕೆ ಸರಿ’ ಎನ್ನುವವರದು ಒಂದು. ‘ಆ ಶ್ರೀಸಾಮಾನ್ಯನನ್ನು ನೋಡಿ, ಏನು ಬಂದರೂ ತುಟಿ ಬಿಚ್ಚುವುದಿಲ್ಲ, ಸ್ಥಿತಪ್ರಜ್ಞನೆಂದರೆ ಅವನೇ’ ಎಂದು ಕೈಮುಗಿಯುವವರದು ಇನ್ನೊಂದು. ಮೊದಲಿನವರಿಗೆ ಅದು ಬರೀ ತಮಾಷೆ, ಎರಡನೆಯವರಿಗೆ ಬರೀ ವೇದಾಂತ. ನನಗೆ ಇಬ್ಬರ ಮೇಲೂ ತಕರಾರಿದೆ. ಆ ಚಿತ್ರಗಳೊಳಗಿನ ಮುಳ್ಳನ್ನು ಇಬ್ಬರೂ ಸೇರಿ ಕಿತ್ತೆಸೆದಿದ್ದಾರೆ.

ಲಕ್ಷ್ಮಣ್ 1921ರಲ್ಲಿ ನಮ್ಮ ಮೈಸೂರಿನಲ್ಲಿ ಹುಟ್ಟಿದವರು. ತಂದೆ ಹೆಡ್‌ಮಾಸ್ಟರು, ಅಣ್ಣ ಮಾಲ್ಗುಡಿಯ ಆರ್.ಕೆ. ನಾರಾಯಣ್. ಸಾಕಷ್ಟು ಪ್ರತಿಭೆಯಿಲ್ಲವೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಇವರನ್ನು ಸೇರಿಸಿಕೊಳ್ಳಲಿಲ್ಲ. ಮೈಸೂರಿನಲ್ಲೇ ಬಿ.ಎ. ಮಾಡಿದರು, ರಾಶಿಯವರ ‘ಕೊರವಂಜಿ’ಗೆ ಚಿತ್ರ ಬರೆದರು. 1951ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ‘ಯೂ ಸೆಡ್ ಇಟ್’ ಶುರುವಾಯಿತು. ಅದರ ಸಂಕಲನಗಳೇ ನಾನು ಹೇಳುತ್ತಿರುವ ಪುಸ್ತಕಗಳು. 2003ರಲ್ಲಿ ಪಾರ್ಶ್ವವಾಯು ಹೊಡೆದು ಎಡಭಾಗ ಸೋತ ಮೇಲೂ ಅವರು ಕುಂಚ ಕೆಳಗಿಡಲಿಲ್ಲ. 2015ರ ಜನವರಿ 26ರಂದು ತೀರಿಕೊಂಡರು. ಈಗ ಹೇಳಿ, ಅರ್ಧ ಶತಮಾನ ದೊಡ್ಡವರ ಮುಖಕ್ಕೆ ಕನ್ನಡಿ ಹಿಡಿದವರು ನಮಗೆ ಬಾಯಿ ಮುಚ್ಚಿಕೊಂಡಿರಲು ಕಲಿಸಿದರೇ?

ಚೌಕಳಿ ಕೋಟು, ಪಂಚೆ, ಕನ್ನಡಕದ ಆ ಮುದುಕ ಮಾತಾಡುವುದಿಲ್ಲ, ನಿಜ. ಆದರೆ ಅವನು ಪ್ರತಿಯೊಂದು ಕಡೆಯೂ ಹಾಜರಿರುತ್ತಾನೆ. ಮಂತ್ರಿಯ ಸಭೆ, ಅಧಿಕಾರಿಯ ಕೋಣೆ, ಹಳ್ಳ ಬಿದ್ದ ರಸ್ತೆ, ಎಲ್ಲಿಯೂ ಅವನ ಕಣ್ಣು ತಪ್ಪಿಸಿ ಏನೂ ನಡೆಯುವುದಿಲ್ಲ. ಅದು ಸಾಕ್ಷಿಯ ಮೌನ, ಸಹಿಸಿಕೊಂಡು ಬಿದ್ದಿರುವವನ ಮೌನವಲ್ಲ. ಇನ್ನೂ ಒಂದು ಮಾತು. ಅದೇ ಚಿತ್ರಗಳಲ್ಲಿ ಅವನ ಹೆಂಡತಿ ಬಂದಾಗ ನೋಡಿ, ಆಕೆ ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಆಡಿಬಿಡುತ್ತಾಳೆ! ಗಂಡನ ಮೌನವನ್ನು ಹೊಗಳುವ ಪಂಡಿತರು ಈ ಹೆಂಗಸಿನ ಮಾತನ್ನು ಯಾಕೆ ಮರೆಯುತ್ತಾರೆ? ಹೆಣ್ಣಿಗೆ ಮೌನವೇ ಭೂಷಣ ಎಂದು ಹುಟ್ಟಿದಂದಿನಿಂದ ಕೇಳಿದ್ದೇವೆ. ಅದನ್ನೇ ವ್ಯಂಗ್ಯಚಿತ್ರದ ಪುಸ್ತಕದಿಂದಲೂ ಕಲಿಯಬೇಕೇ?

ವೇದಾಂತ ಬೇಕೆನ್ನುವವರು ಅವರ ಕಾಗೆಗಳನ್ನು ನೋಡಲಿ. ಚಿಕ್ಕಂದಿನಿಂದಲೂ ಲಕ್ಷ್ಮಣ್‌ಗೆ ಕಾಗೆಯೆಂದರೆ ಪ್ರಾಣ. ಬಗೆಬಗೆಯಾಗಿ ಅದನ್ನು ಬರೆದರು. ನಾವೋ, ಶ್ರಾದ್ಧದ ದಿನ ಮಾತ್ರ ಕಾಗೆಯನ್ನು ಕರೆಯುವವರು. ಉಳಿದ ದಿನ ಸಂಡಿಗೆಯ ಹತ್ತಿರ ಬಂದರೆ ಓಡಿಸುವವರು. ಯಾರೂ ಲೆಕ್ಕಕ್ಕಿಡದ್ದನ್ನು ಕಣ್ಣಿಟ್ಟು ನೋಡುವುದೇ ಅವರ ತತ್ತ್ವ. ಹಾಗೆ ನೋಡಿದವರಿಗೆ ನಗು ತಾನಾಗಿ ಬರುತ್ತದೆ. ನಗೆಯೂ ತತ್ತ್ವವೂ ಅಲ್ಲಿ ಬೇರೆಬೇರೆಯಲ್ಲ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಹಾರ ಹಾಕಿ ಉದ್ಘಾಟನೆಯಾಯಿತು. ನೀರಿನ ವ್ಯವಸ್ಥೆಯಿಲ್ಲವೆಂದು ಮರುದಿನವೇ ಬೀಗ ಬಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಚಿತ್ರ ಬರೆದಳು: ಬೀಗದ ಬಾಗಿಲು, ಒಣಗಿದ ಹಾರ, ದೊಡ್ಡ ಅಕ್ಷರದ ಶಿಲಾಫಲಕ, ಮುಂದೆ ಕಾಲು ಜೋಡಿಸಿ ನಿಂತ ಪುಟ್ಟ ಹುಡುಗಿ. ಅಡಿಯಲ್ಲಿ ಒಂದು ಅಕ್ಷರವೂ ಇಲ್ಲ. ನಾನು ಅದನ್ನು ಗೋಡೆಪತ್ರಿಕೆಯಲ್ಲಿ ಅಂಟಿಸಿದೆ. ‘ಹೆಣ್ಣುಮಕ್ಕಳಿಗೆ ಇಂಥ ಕುಚೋದ್ಯವೇ?’ ಎಂದು ಸಂಜೆಯೊಳಗೆ ಹರಿದರು. ಆಕೆ ಇನ್ನೊಂದು ಬರೆದಳು, ಅದನ್ನೂ ಅಂಟಿಸಿದೆ. ನಾಲ್ಕನೆಯ ಚಿತ್ರದ ಹೊತ್ತಿಗೆ ಡ್ರಮ್ಮಿನಲ್ಲಿ ನೀರು ಬಂತು, ಬೀಗ ತೆಗೆಯಿತು. ಅರ್ಜಿ ಕೊಟ್ಟಾಗ ಮಾತ್ರ ಯಾರೂ ಕದಲಿರಲಿಲ್ಲ. ಅರ್ಜಿಯನ್ನು ಫೈಲಿನಲ್ಲಿ ಹಾಕಿಡಬಹುದು, ಮಕ್ಕಳ ನಗೆಯನ್ನು ಯಾವ ಫೈಲಿನಲ್ಲಿ ಹಾಕುತ್ತೀರಿ?

‘ಇಷ್ಟು ವರ್ಷ ಬರೆದರಲ್ಲ, ರಸ್ತೆಯ ಹಳ್ಳ ಮುಚ್ಚಿತೇ?’ ಎಂದು ಕೇಳುವವರಿದ್ದಾರೆ. ಹಳೆಯ ಚಿತ್ರ ತೆಗೆದು, ‘ಇಂದಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ!’ ಎಂದು ಸಂತೋಷಪಡುವವರೂ ಇದ್ದಾರೆ. ಸಂತೋಷಪಡುವ ವಿಷಯವೇ ಅದು? ಐವತ್ತು ವರ್ಷದ ಹಿಂದಿನ ವ್ಯಂಗ್ಯ ಇಂದಿಗೂ ಹೊಂದುವುದಾದರೆ ಅದು ಚಿತ್ರಕಾರನ ಹಿರಿಮೆಯಷ್ಟೇ ಅಲ್ಲ, ನಮ್ಮ ಊರಿನ ನಾಚಿಕೆಗೇಡು. ಹಳ್ಳ ತೋರಿಸುವುದು ಅವರ ಕೆಲಸ, ಮುಚ್ಚಿಸುವುದು ನಮ್ಮದು.

ಆದ್ದರಿಂದ ಮಹಿಳಾ ಸಮಾಜದ ಅಕ್ಕತಂಗಿಯರಲ್ಲಿ ನನ್ನದೊಂದು ಮಾತು. ನಿಮ್ಮ ಬೀರುವಿನಲ್ಲಿ ಅಡುಗೆ, ವ್ರತಕಥೆ, ಕಾದಂಬರಿಗಳ ಪಕ್ಕ ಲಕ್ಷ್ಮಣ್‌ರ ಒಂದು ಸಂಕಲನವೂ ಇರಲಿ. ಅಡಿಬರಹ ಇಂಗ್ಲಿಷಿನಲ್ಲಿದ್ದರೂ ಹೈಸ್ಕೂಲು ಓದಿದ ಮಗಳು ಬಿಡಿಸಿ ಹೇಳುತ್ತಾಳೆ. ಹೊಟ್ಟೆ ತುಂಬ ನಗಿ. ನಕ್ಕ ಮೇಲೆ, ನಿಮ್ಮ ಬೀದಿಯ ನಲ್ಲಿಯಲ್ಲಿ ಯಾಕೆ ನೀರಿಲ್ಲವೆಂದು ಸೋಮವಾರ ಬೆಳಿಗ್ಗೆ ಪುರಸಭೆಗೆ ಹೋಗಿ ಕೇಳಿ. ಒಬ್ಬರೇ ಬೇಡ, ನಾಲ್ಕು ಜನ ಹೋಗಿ.