ಅದಿರಿನ 'ಉತ್ಪಾದನೆ' ಎಂಬ ಸುಳ್ಳು



"ಕಬ್ಬಿಣದ ಅದಿರಿನ ಉತ್ಪಾದನೆಯಲ್ಲಿ ಕರ್ನಾಟಕವು ಮುಂಚೂಣಿಯಲ್ಲಿದೆ." ಪಾಠಗಳಲ್ಲಿ, ಪತ್ರಿಕೆಗಳಲ್ಲಿ ಇಂತಹ ವಾಕ್ಯವನ್ನು ನೀವೆಲ್ಲರೂ ಓದಿಯೇ ಇರುತ್ತೀರಿ. ಇದರಲ್ಲಿರುವ 'ಉತ್ಪಾದನೆ' ಎಂಬ ಪದಕ್ಕೆ ನನ್ನ ತೀವ್ರ ಆಕ್ಷೇಪಣೆಯಿದೆ. ರೈತನು ಭತ್ತವನ್ನು ಉತ್ಪಾದಿಸುತ್ತಾನೆ. ಕೊಯ್ದ ಗದ್ದೆಯಲ್ಲಿ ಮರುವರ್ಷ ಮತ್ತೆ ತೆನೆ ತೂಗುತ್ತದೆ. ಅದಿರನ್ನು ಉತ್ಪಾದಿಸಿದವರು ನಾವಲ್ಲ. ನಮ್ಮದು ಅಗೆಯುವ ಕೆಲಸ ಮಾತ್ರ.

ಹಾಗಾದರೆ ಉತ್ಪಾದನೆ ನಡೆದದ್ದು ಯಾವಾಗ? ಸಂಡೂರಿನ ಬೆಟ್ಟಗಳನ್ನೇ ನೋಡಿ. 250 ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಸಮುದ್ರವಿತ್ತು. ವಾತಾವರಣದಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಕಡಿಮೆಯಿದ್ದುದರಿಂದ ಕಬ್ಬಿಣವು ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಸೂಕ್ಷ್ಮಜೀವಿಗಳು ಸೂರ್ಯನ ಬೆಳಕಿನಲ್ಲಿ ಆಮ್ಲಜನಕವನ್ನು ಬಿಡತೊಡಗಿದಾಗ ಅದು ತುಕ್ಕಿನಂತೆ ತಳಕ್ಕಿಳಿಯಿತು ಎಂಬುದು ಪ್ರಚಲಿತ ವಿವರಣೆ. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ. ಹೀಗೆ ಪಟ್ಟೆಪಟ್ಟೆಯಾದ ಶಿಲೆ ರೂಪುಗೊಂಡಿತು. ಅದು ಮೇಲೆದ್ದು ಬೆಟ್ಟವಾದ ಬಳಿಕ ನೀರು ಸಿಲಿಕಾವನ್ನು ಕರಗಿಸಿ ಒಯ್ದಿತು. ಉಳಿದದ್ದೇ ಉತ್ಕೃಷ್ಟವಾದ ಹೆಮಟೈಟ್. ಶುದ್ಧ ಹೆಮಟೈಟಿನಲ್ಲಿ ಶೇ. 70, ಮ್ಯಾಗ್ನೆಟೈಟಿನಲ್ಲಿ ಶೇ. 72, ಸಿಡೆರೈಟಿನಲ್ಲಿ ಶೇ. 48ರಷ್ಟು ಕಬ್ಬಿಣವಿದೆಯೆಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ಅಂಕಿಗಳ ಹಿಂದಿರುವ ಕಾಲದ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆಯೇ ಬರುವುದಿಲ್ಲ.

ಪದ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. 'ಉತ್ಪಾದನೆ ಹೆಚ್ಚಿತು' ಎಂದರೆ ಹಿಗ್ಗುತ್ತೇವೆ. 'ಇಡುಗಂಟು ಕರಗಿತು' ಎಂದರೆ ಬೆಚ್ಚುತ್ತೇವೆ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಬೆಲೆ ಏರಿದಾಗ ಬಳ್ಳಾರಿಯ ಇಡುಗಂಟು ಲಾರಿಗಳಲ್ಲಿ ಬಂದರುಗಳತ್ತ ಸಾಗಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿಗಳು ಅಕ್ರಮವನ್ನು ಬಯಲಿಗೆಳೆದವು. 2011ರಲ್ಲಿ ಸುಪ್ರೀಂ ಕೋರ್ಟು ಅಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. 2013ರಲ್ಲಿ ಬಳ್ಳಾರಿಗೆ ವರ್ಷಕ್ಕೆ 250 ಲಕ್ಷ ಟನ್ನುಗಳ ಮಿತಿ ವಿಧಿಸಲಾಯಿತು. 2022ರಲ್ಲಿ ಅದು 350 ಲಕ್ಷಕ್ಕೇರಿತು, ರಫ್ತಿಗೂ ಅನುಮತಿ ದೊರೆಯಿತು. ಅಕ್ರಮವು ಕಾನೂನಿಗೆ ಸಿಕ್ಕಿಬಿದ್ದಿತು ನಿಜ. ಆದರೆ ಸಕ್ರಮವಾಗಿ ಬರಿದಾಗುವ ಬೆಟ್ಟವೂ ಮತ್ತೆ ಬೆಳೆಯುವುದಿಲ್ಲ.

"ಹಾಗಾದರೆ ಕಬ್ಬಿಣವೇ ಬೇಡವೇ?" ಎಂದು ನೀವು ಕೇಳಬಹುದು. ಖಂಡಿತ ಬೇಕು. ನೇಗಿಲಿನ ಕುಳದಿಂದ ರೈಲುಹಳಿಯವರೆಗೆ ಕಬ್ಬಿಣವಿಲ್ಲದೆ ಬದುಕಿಲ್ಲ. ಗಣಿಯ ಕೂಲಿಯನ್ನೇ ನಂಬಿದ ಮನೆಗಳೂ ಇವೆ. ಭದ್ರಾವತಿಯ ಕಾರ್ಖಾನೆಯು 1923ರಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ನಮ್ಮ ನೆಲದಲ್ಲೇ ಕರಗಿಸಿ, ನಮ್ಮವರಿಗೇ ಉದ್ಯೋಗ ಕೊಟ್ಟಿತು. ಇಡುಗಂಟನ್ನು ಬಳಸುವುದಾದರೆ ಹಾಗೆ ಬಳಸಬೇಕು. ಮೇಲಾಗಿ ಒಮ್ಮೆ ತೆಗೆದ ಕಬ್ಬಿಣವನ್ನು ಗುಜರಿಯಿಂದ ಮರಳಿ ಪಡೆದು ಮತ್ತೆ ಮತ್ತೆ ಕರಗಿಸಬಹುದು. ಕಚ್ಚಾ ಅದಿರನ್ನು ಹಡಗಿಗೆ ತುಂಬಿ ಕಳುಹಿಸಿ ಅದನ್ನು ಪ್ರಗತಿಯೆನ್ನುವುದು ಮಾತ್ರ ಸಲ್ಲದು.

ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತೆಗೆದ ಹಣದ ಪಕ್ಕದಲ್ಲೇ ಉಳಿದ ಹಣವನ್ನೂ ನಮೂದಿಸುತ್ತಾರೆ. ನಿಮ್ಮಲ್ಲಿ ಶಿಕ್ಷಕರಾಗಿರುವವರು ನಾಳೆ ಈ ಪಾಠ ಮಾಡುವಾಗ 'ಉತ್ಪಾದನೆ' ಎಂಬುದನ್ನು ಅಳಿಸಿ, ಕಪ್ಪುಹಲಗೆಯ ಮೇಲೆ ಎರಡು ಕಲಂ ಎಳೆಯಿರಿ: 'ತೆಗೆದದ್ದು', 'ಉಳಿದದ್ದು'. ಎರಡನೆಯದನ್ನು ತುಂಬುವಂತೆ ಮಕ್ಕಳಿಗೆ ಹೇಳಿರಿ.