ಕುದುರೆಯ ಬೆನ್ನಿನ ಭಾರ



ಈ ತಿಂಗಳು ನಾವು ನಮ್ಮದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿನಲ್ಲಿ ಓದುತ್ತಿರುವ ಸೋದರಳಿಯನು ಎರಡು ವರ್ಷ ಹಣ ಕೂಡಿಟ್ಟು ಒಂದು ಎಲೆಕ್ಟ್ರಿಕ್ ಗಿಟಾರನ್ನು ಕೊಂಡು ತಂದನು. ಅದರ ತಂತಿಗಳು ಕುದುರೆಯನ್ನು ದಾಟಿ, ಎರಡು ದಪ್ಪ ತಿರುಪುಗಳ ಮೇಲೆ ನಿಂತಿರುವ ಒಂದು ಲೋಹದ ಪಟ್ಟಿಯಲ್ಲಿ ಕೊನೆಗೊಳ್ಳುತ್ತವೆ. ಆ ಪಟ್ಟಿಗೆ ಟೇಲ್‌ಪೀಸ್ ಎಂದು ಹೆಸರು. ನಮ್ಮ ಸಹಧರ್ಮಿಣಿಯ ವೀಣೆಯಲ್ಲಿ ತಂತಿಗಳ ತುದಿಯನ್ನು ಹಿಡಿದಿಡುವ ಈ ಕೆಲಸವು ನಾಗಪಾಶದ್ದು. ಆದರೆ ಗಿಟಾರಿನ ಪಟ್ಟಿಯನ್ನು ತಿರುಪುಗಳಿಂದ ಏರಿಸಲೂಬಹುದು, ಇಳಿಸಲೂಬಹುದು.

"ಮಾವ, ಇದನ್ನು ಎಷ್ಟು ಎತ್ತರದಲ್ಲಿ ನಿಲ್ಲಿಸಲಿ?" ಎಂದು ಹುಡುಗನು ಕೇಳಿದನು. ಗಿಟಾರನ್ನು ಮುಟ್ಟಿಯೂ ಅರಿಯದ ನಾವು, ಪಾಠ ಹೇಳಿದ ಅಭ್ಯಾಸಬಲದಿಂದ, "ಪೂರ್ತಿ ಕೆಳಕ್ಕೆ ಇಳಿಸು, ಇಳಿದಷ್ಟೂ ಬಿಗಿ, ಬಿಗಿಯಾದಷ್ಟೂ ನಾದ" ಎಂದು ಅಪ್ಪಣೆ ಕೊಟ್ಟೆವು. ಅವನು ಹಾಗೆಯೇ ಮಾಡಿದನು. ಒಂದು ತಿಂಗಳೊಳಗೆ ಮೂರು ತಂತಿಗಳು ಕುದುರೆಯ ಬಳಿಯಲ್ಲಿಯೇ ಕಡಿದುಹೋದವು. ಮೂರನೆಯದು ಕಾಲೇಜಿನ ವಾರ್ಷಿಕೋತ್ಸವದಲ್ಲಿ, ತುಂಬಿದ ಸಭೆಯ ಎದುರಿಗೆ. ಮನೆಗೆ ಬಂದ ಹುಡುಗನು ನಮ್ಮನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಬಳಿಕ ಇಬ್ಬರೂ ಕುಳಿತು ವಿಚಾರಮಾಡಿದೆವು. ತಂತಿಯ ಸ್ವರವು ಮುಖ್ಯವಾಗಿ ಅದರ ಉದ್ದ, ತೂಕ, ಬಿಗಿ ಎಂಬ ಮೂರನ್ನು ಅನುಸರಿಸುವುದೆಂದು ಫ್ರಾನ್ಸಿನ ಮೆರ್ಸೆನ್ ಎಂಬ ಪಂಡಿತನು 1636ರಲ್ಲಿಯೇ ನಿರೂಪಿಸಿದ್ದಾನೆ. ಅದೇ ತಂತಿಯನ್ನು, ಅದೇ ಉದ್ದದಲ್ಲಿ, ಅದೇ ಸ್ವರಕ್ಕೆ ಕೂಡಿಸಿದ ಮೇಲೆ ಟೇಲ್‌ಪೀಸು ಎಲ್ಲಿದ್ದರೂ ಬಿಗಿಯು ಅಷ್ಟೇ ಇರತಕ್ಕದ್ದು. ಇಳಿಸುವುದರಿಂದ ಬದಲಾಗುವುದು ತಂತಿಯು ಕುದುರೆಯ ಮೇಲೆ ಬಾಗುವ ಕೋನ ಮಾತ್ರ. ಅದು ಕಡಿದಾದಷ್ಟೂ ಕುದುರೆಯ ಬೆನ್ನಿನ ಮೇಲೆ ಭಾರವೂ ಘರ್ಷಣೆಯೂ ಹೆಚ್ಚು. ತರ್ಕಸಂಗ್ರಹವನ್ನು ಪಾಠ ಹೇಳಿದ ನಾವೇ ಹೇತ್ವಾಭಾಸಕ್ಕೆ ಸಿಕ್ಕಿಬಿದ್ದಿದ್ದೆವು: ಕುದುರೆಯ ಭಾರವನ್ನು ತಂತಿಯ ಬಿಗಿಯೆಂದು ಭ್ರಮಿಸಿದ್ದೆವು.

ಈ ಏರ್ಪಾಡು ಪ್ರಸಿದ್ಧವಾದುದು ಅಮೆರಿಕದ ಮಿಷಿಗನ್ ಪ್ರಾಂತದ ಕಲಮಜೂ ಊರಿನಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಗಿಟಾರುಗಳಿಂದ. 1952ರ ಲೆಸ್ ಪಾಲ್ ಗಿಟಾರಿನಲ್ಲಿ ಕುದುರೆಯೂ ಟೇಲ್‌ಪೀಸೂ ಒಂದೇ ಅಂಗವಾಗಿದ್ದವು. 1954ರ ಲೆಸ್ ಪಾಲ್ ಕಸ್ಟಮ್‌ನಲ್ಲಿ ಅವು ಬೇರೆಬೇರೆಯಾದವು. ಅಂಗಗಳು ಬೇರೆಯಾದಂತೆ ಕೆಲಸವೂ ಬೇರೆಯಾಯಿತು. ಮೆಟ್ಟಿಲುಗಳಿಂದ ತಂತಿಯು ಎಷ್ಟು ಎತ್ತರದಲ್ಲಿರಬೇಕೆಂಬುದನ್ನು ಕುದುರೆಯಿಂದಲೇ ಸರಿಪಡಿಸಬೇಕಲ್ಲದೆ ಟೇಲ್‌ಪೀಸಿನಿಂದಲ್ಲ.

ಆದುದರಿಂದ ಮೊದಲು ಕುದುರೆಯ ಎತ್ತರವನ್ನು ನಿಶ್ಚಯಿಸತಕ್ಕದ್ದು. ಅನಂತರ ತಂತಿಗಳನ್ನು ಸಡಿಲಿಸಿ ಟೇಲ್‌ಪೀಸಿನ ತಿರುಪುಗಳನ್ನು ತಿರುಗಿಸಬೇಕು. ತಂತಿಗಳು ತೀರ ಸಡಿಲವಾದರೆ ಪಟ್ಟಿಯು ಕಳಚಿ ಬಿದ್ದು ಮರದ ಮೈಯನ್ನು ಗೀರುವ ಸಂಭವವುಂಟು. ಒಂದು ಕೈಯಿಂದ ಅದನ್ನು ಹಿಡಿದಿರುವುದು ಲೇಸು. ಮತ್ತೆ ಶ್ರುತಿ ಕೂಡಿಸಿ ಪಕ್ಕದಿಂದ ನೋಡಿರಿ. ತಂತಿಯು ಕುದುರೆಯ ಮೇಲೆ ತನ್ನ ಸ್ಥಾನದಲ್ಲಿ ಊರಿ ಕುಳಿತು, ಹಿಂದಿನ ಅಂಚನ್ನು ಮುಟ್ಟದೆ ಇಳಿದುಹೋಗಬೇಕು. ಆ ಅಂಚಿಗೂ ತಂತಿಗೂ ನಡುವೆ ಒಂದು ತುಂಡು ಕಾಗದವು ತಡೆಯಿಲ್ಲದೆ ಜಾರಿದರೆ ಸಾಕು. ಇದಕ್ಕಿಂತ ಬಹಳ ಏರಿಸಿದರೆ ತಂತಿಯು ಊರಿ ನಿಲ್ಲದೆ ಜೀರುಗುಟ್ಟುತ್ತದೆ. ಜೋರಾಗಿ ಮೀಟಿದಾಗ ಸ್ಥಾನದಿಂದ ಜಿಗಿಯುವುದೂ ಉಂಟು. ಬಹಳ ಇಳಿಸಿದರೆ ಅಂಚಿಗೆ ಒತ್ತಿ ತಂತಿ ಕಡಿಯುತ್ತದೆ; ಕಾಲಕ್ರಮದಲ್ಲಿ ಕುದುರೆಯೇ ನಡುವೆ ಕುಸಿಯಬಹುದು.

ಸೋದರಳಿಯನು ಪಟ್ಟಿಯನ್ನು ಕೆಲವು ಸುತ್ತು ಏರಿಸಿದನು. ಎರಡು ತಿಂಗಳಾಯಿತು, ತಂತಿ ಕಡಿದಿಲ್ಲ. ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಜಗ್ಗಿ ಸ್ವರವನ್ನೇರಿಸುವುದೂ ಈಗ ಮೃದುವಾಗಿದೆಯೆಂದು ಹೇಳುತ್ತಾನೆ.

ಮನೆಯ ಮಕ್ಕಳ ಮೇಲೆ ನಾವು ಹಿರಿಯರು ಹೇರುವುದರಲ್ಲಿ ಶ್ರುತಿಗೆ ಬೇಕಾದ ಬಿಗಿಯೆಷ್ಟು, ವೃಥಾ ಭಾರವೆಷ್ಟು ಎಂಬುದನ್ನು ಆಗಾಗ ಪಕ್ಕದಿಂದ ನೋಡಿಕೊಳ್ಳುವುದು ಒಳ್ಳೆಯದು. ಬರುವ ವಾರ್ಷಿಕೋತ್ಸವಕ್ಕೆ "ಮಾವ, ನೀವೂ ಬರಬೇಕು" ಎಂದು ಹುಡುಗನು ಕರೆದಿದ್ದಾನೆ. ಹೋಗತಕ್ಕವರಿದ್ದೇವೆ.