ಆರು ತಾಸಿಗೊಮ್ಮೆ ಬದಲಾಗುವ ಊರು

ಫ್ರಾನ್ಸ್ ದೇಶದ ನಕ್ಷೆಯನ್ನು ಬಿಡಿಸಿದರೆ ಎಡಬದಿಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಮೂಗು ಚಾಚಿದಂತಿರುವ ಭೂಭಾಗವೊಂದು ಕಣ್ಣಿಗೆ ಬೀಳುತ್ತದೆ. ಅದು ಬ್ರಿಟನಿ. ಐದು-ಆರನೆಯ ಶತಮಾನಗಳಲ್ಲಿ ಬ್ರಿಟನ್ ದ್ವೀಪದಿಂದ ಕಡಲು ದಾಟಿ ಬಂದು ನೆಲೆಸಿದ ಜನರಿಂದ ಬಂದ ಹೆಸರು. ಈ ಮೂಗಿನ ಮೇಲ್ಬದಿಯಲ್ಲಿ, ರಾನ್ಸ್ ಎಂಬ ಸಣ್ಣ ನದಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಸೇರುವ ಜಾಗದಲ್ಲಿ ಸಾಂ ಮಾಲೊ ಪಟ್ಟಣವಿದೆ. ಇಂಗ್ಲಿಷರ ಬಾಯಲ್ಲಿ ಅದು ಸೇಂಟ್ ಮಾಲೊ. ಜನಸಂಖ್ಯೆ ಐವತ್ತು ಸಾವಿರ ಮುಟ್ಟುವುದಿಲ್ಲ. ಆದರೂ ಕೆನಡಾದ ಚರಿತ್ರೆ, ಬ್ರೆಜಿಲ್‌ನ ಚರಿತ್ರೆ, ನಮ್ಮ ಮದರಾಸಿನ ಚರಿತ್ರೆ, ಯಾವುದನ್ನು ತೆರೆದರೂ ಈ ಊರಿನವನೊಬ್ಬ ಅಲ್ಲಿ ಬಂದು ನಿಂತಿರುತ್ತಾನೆ.

ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಕೈ ಹೇಗೆ ಬಂತು? ಉತ್ತರಕ್ಕಾಗಿ ಮೊದಲು ನೋಡಬೇಕಾದದ್ದು ರಾಜರ ವಂಶಾವಳಿಯನ್ನಲ್ಲ, ಕಡಲಿನ ನೀರಿನ ಮಟ್ಟವನ್ನು.

ಸಾಂ ಮಾಲೊದ ಕಡಲು ದಿನಕ್ಕೆ ಎರಡು ಬಾರಿ ಉಕ್ಕಿ ಎರಡು ಬಾರಿ ಇಳಿಯುತ್ತದೆ. ಇದರಲ್ಲಿ ವಿಶೇಷವೇನೂ ಇಲ್ಲ, ಅನೇಕ ಕಡಲತೀರಗಳಲ್ಲಿ ಹೀಗೆಯೇ. ವಿಶೇಷವಿರುವುದು ಎತ್ತರದಲ್ಲಿ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರದಲ್ಲಿ ಇಲ್ಲಿನ ನೀರು ಹನ್ನೆರಡು ಮೀಟರ್, ಕೆಲವೊಮ್ಮೆ ಹದಿಮೂರು ಮೀಟರ್‌ವರೆಗೆ ಏರುತ್ತದೆ. ಅಂದರೆ ನಾಲ್ಕು ಅಂತಸ್ತಿನ ಮನೆಯ ಎತ್ತರ. ಬೆಳಿಗ್ಗೆ ಮಕ್ಕಳು ಚೆಂಡಾಡಿದ ಮರಳಿನ ಮೇಲೆ ಮಧ್ಯಾಹ್ನ ಹಡಗು ತೇಲಬಹುದು.

ಚಂದ್ರನೂ ಸೂರ್ಯನೂ ಇಡೀ ಭೂಮಿಯ ಸಾಗರವನ್ನು ಎಳೆಯುತ್ತಿರುವಾಗ ಈ ಒಂದು ಮೂಲೆಗೆ ಮಾತ್ರ ಇಷ್ಟು ನೀರು ಏಕೆ? ತೆರೆದ ಮಹಾಸಾಗರದ ನಡುವೆ ಉಬ್ಬರದ ಎತ್ತರ ಒಂದು ಮೀಟರಿನ ಆಸುಪಾಸು ಅಷ್ಟೆ. ಆ ಉಬ್ಬು ಅಟ್ಲಾಂಟಿಕ್‌ನಿಂದ ಕಡಲ್ಗಾಲುವೆಯ ಬಾಯಿಗೆ ನುಗ್ಗಿದಾಗ ಎರಡೂ ಬದಿಯ ದಡಗಳು ಅದನ್ನು ಒತ್ತುತ್ತವೆ, ತಳ ಆಳ ಕಳೆದುಕೊಳ್ಳುತ್ತದೆ, ನೀರು ಮೇಲಕ್ಕೆ ಏಳಲೇಬೇಕು. ಮುಂದೆ ಕೊತಾಂತಾಂ ಎಂಬ ಭೂಶಿರ ಉತ್ತರ-ದಕ್ಷಿಣವಾಗಿ ಗೋಡೆಯಂತೆ ಅಡ್ಡ ನಿಂತಿದೆ. ಬಂದ ಅಲೆ ಅದಕ್ಕೆ ಬಡಿದು ಹಿಂದಿರುಗಿ, ಬರುತ್ತಿರುವ ನೀರಿನ ಜೊತೆ ಸೇರುತ್ತದೆ. ಇದು ಸಾಲದೆಂಬಂತೆ ಭೂಮಿಯ ತಿರುಗಾಟದ ಪ್ರಭಾವವೂ ಇದೆ. ಉತ್ತರಾರ್ಧ ಗೋಳದಲ್ಲಿ ಚಲಿಸುವ ನೀರು ತನ್ನ ಬಲಕ್ಕೆ ವಾಲುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ಅಲೆಗೆ ಬಲಬದಿ ಎಂದರೆ ದಕ್ಷಿಣ, ಅಂದರೆ ಫ್ರಾನ್ಸಿನ ತೀರ. ಹೀಗಾಗಿ ಇಂಗ್ಲೆಂಡಿನ ದಡಕ್ಕಿಂತ ಈ ಬದಿಯಲ್ಲೇ ನೀರು ಹೆಚ್ಚು ಗುಡ್ಡೆಯಾಗುತ್ತದೆ.

ನೀರು ಏರುವ ವೇಗವೂ ಒಂದೇ ಸಮನಲ್ಲ. ಇಳಿತದಿಂದ ಉಬ್ಬರಕ್ಕೆ ಆರು ತಾಸು ಎಂದಿಟ್ಟುಕೊಂಡರೆ, ನಾವಿಕರ ಲೆಕ್ಕದಲ್ಲಿ ಒಟ್ಟು ಎತ್ತರವನ್ನು ಹನ್ನೆರಡು ಪಾಲು ಮಾಡಬೇಕು. ಮೊದಲ ತಾಸಿನಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ತಾಸುಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಹನ್ನೆರಡು ಮೀಟರ್ ಉಬ್ಬರವಿರುವ ದಿನ ಮೊದಲ ತಾಸಿನಲ್ಲಿ ಏರುವುದು ಒಂದೇ ಮೀಟರ್. ಅದನ್ನು ನೋಡಿ ಇನ್ನೂ ಹೊತ್ತಿದೆ ಎಂದುಕೊಂಡವನನ್ನು ಮೂರನೆಯ ತಾಸು ಹಿಡಿಯುತ್ತದೆ. ಆಗ ಇಪ್ಪತ್ತು ನಿಮಿಷಕ್ಕೆ ಒಂದು ಮೀಟರ್. ಮರಳು ಸಪಾಟಾಗಿರುವುದರಿಂದ ನೀರು ಎದುರಿನಿಂದಷ್ಟೇ ಬರುವುದಿಲ್ಲ, ತಗ್ಗುಗಳಲ್ಲಿ ಹರಿದು ಬೆನ್ನ ಹಿಂದೆಯೂ ಬಂದು ನಿಲ್ಲುತ್ತದೆ.

ಇಂಥ ಕಡಲಿನ ನಡುವಿನ ಗ್ರಾನೈಟ್ ಬಂಡೆಯೊಂದರ ಮೇಲೆ ಊರು ಕಟ್ಟಿದ್ದು ಧೈರ್ಯಕ್ಕಲ್ಲ, ಭಯಕ್ಕೆ. ಹಳೆಯ ಊರು ಆಲೆತ್ ಈ ಬಂಡೆಯ ದಕ್ಷಿಣಕ್ಕಿತ್ತು. ಅಲ್ಲಿ ರೋಮನ್ನರ ಕಾಲದ ಕೋಟೆಯಿತ್ತು. ವೇಲ್ಸ್‌ನಿಂದ ಬಂದನೆಂದು ಹೇಳಲಾಗುವ ಮಾಲೊ ಎಂಬ ಸನ್ಯಾಸಿಯ ಹೆಸರೇ ಊರಿಗೆ ಉಳಿಯಿತು. ಹನ್ನೆರಡನೆಯ ಶತಮಾನದಲ್ಲಿ ಬಿಷಪ್ ಜಾಂ ದ ಶಾತಿಯೋಂ ತನ್ನ ಪೀಠವನ್ನು ಆಲೆತ್‌ನಿಂದ ಬಂಡೆಯ ಮೇಲಕ್ಕೆ ಸ್ಥಳಾಂತರಿಸಿದ. ಬಂಡೆಯನ್ನು ಭೂಮಿಗೆ ಜೋಡಿಸಿದ್ದು ಒಂದು ಕಿರಿದಾದ ಮರಳ ದಿಬ್ಬ ಮಾತ್ರ. ಅದನ್ನು ಕಾದರೆ ಸಾಕು, ಉಳಿದ ಕಡೆ ಕಡಲೇ ಕಾವಲು.

ಆದರೆ ಆ ಕಾವಲುಗಾರ ದಿನಕ್ಕೆ ಎರಡು ಸಲ ಎದ್ದು ಹೋಗುತ್ತಿದ್ದ! ಇಳಿತದ ಹೊತ್ತಿಗೆ ಬಂದರಿನ ಹಡಗುಗಳು ಕೆಸರಿನ ಮೇಲೆ ಮಗ್ಗುಲಾಗಿ ಕೂರುತ್ತಿದ್ದವು. ಕಳ್ಳರು ನಡೆದುಕೊಂಡೇ ಹಡಗಿಗೆ ಹತ್ತಬಹುದಿತ್ತು. ಅದಕ್ಕೆ ಊರವರು ಕಂಡುಕೊಂಡ ಉಪಾಯ ನಾಯಿಗಳು. ರಾತ್ರಿ ಹತ್ತಕ್ಕೆ ಗಂಟೆ ಬಾರಿಸಿ, ಕೋಟೆಬಾಗಿಲು ಮುಚ್ಚಿ, ದೊಡ್ಡ ಜಾತಿಯ ಕಾವಲು ನಾಯಿಗಳನ್ನು ಕಡಲತೀರಕ್ಕೆ ಬಿಡುತ್ತಿದ್ದರು. ಶತಮಾನಗಳ ಕಾಲ ನಡೆದ ಈ ಏರ್ಪಾಡು 1770ರಲ್ಲಿ ನಿಂತಿತು. ಹೊತ್ತು ಮೀರಿ ಬಂದ ಯುವ ನೌಕಾಧಿಕಾರಿಯೊಬ್ಬನನ್ನು ನಾಯಿಗಳು ಹರಿದುಹಾಕಿದ್ದೇ ಕಾರಣ.

ಕಡಲನ್ನು ನಂಬಿದವರು ರಾಜನನ್ನು ಅಷ್ಟಾಗಿ ನಂಬಲಿಲ್ಲ. ಫ್ರಾನ್ಸಿನಲ್ಲಿ ಮತಕಲಹಗಳು ನಡೆಯುತ್ತಿದ್ದಾಗ, 1590ರಿಂದ 1594ರವರೆಗೆ, ಈ ಊರು ತಾನೇ ಒಂದು ಗಣರಾಜ್ಯವೆಂದು ಘೋಷಿಸಿಕೊಂಡಿತ್ತು. ತಾವು ಫ್ರೆಂಚರೂ ಅಲ್ಲ, ಬ್ರಿಟನಿಯವರೂ ಅಲ್ಲ, ಸಾಂ ಮಾಲೊದವರು ಎಂಬುದು ಅವರ ಹಳೆಯ ಹೆಮ್ಮೆಯ ಮಾತು. ಇಂಗ್ಲಿಷರಿಗೆ ಈ ಊರು ಕಣ್ಣಿಗೆ ಬಿದ್ದ ಕಸದಂತೆ. 1693ರಲ್ಲಿ ಅವರು ಹಡಗೊಂದರ ತುಂಬ ಮದ್ದು ತುಂಬಿ ಕೋಟೆಯತ್ತ ಬಿಟ್ಟರು. ಅದು ದಾರಿಯಲ್ಲೇ ಬಂಡೆಗೆ ತಾಗಿ ಸಿಡಿಯಿತು. ಮಾಡುಗಳು ಹಾರಿದವು, ಕಿಟಕಿಗಳು ಒಡೆದವು. ಸತ್ತದ್ದು ಒಂದು ಬೆಕ್ಕು ಮಾತ್ರ ಎಂದು ಊರಿನ ಐತಿಹ್ಯ. ‘ಕುಣಿಯುವ ಬೆಕ್ಕಿನ ಬೀದಿ’ ಎಂಬ ಹೆಸರಿನ ಬೀದಿ ಅಲ್ಲಿ ಈಗಲೂ ಇದೆ.

ಈ ಬಂಡೆಯಿಂದ ಹೊರಟವರ ಪಟ್ಟಿ ದೊಡ್ಡದು. 1534ರ ಏಪ್ರಿಲ್ 20ರಂದು ಜಾಕ್ ಕಾರ್ತಿಯೆ ಎರಡು ಹಡಗುಗಳಲ್ಲಿ ಹೊರಟು ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯನ್ನು ಹೊಕ್ಕ. ಅವನ ಹಿಂದೆ ಮುಂದೆ ನೂರಾರು ಮೀನುಗಾರರು ನ್ಯೂಫೌಂಡ್‌ಲ್ಯಾಂಡ್‌ಗೆ ಕಾಡ್ ಮೀನು ಹಿಡಿಯಲು ಹೋದರು. ಚರಿತ್ರೆಯಲ್ಲಿ ಅವರಿಗೆ ಹೆಸರಿಲ್ಲ. ಊರಿನ ಹೊಟ್ಟೆ ತುಂಬಿಸಿದವರು ಅವರೇ. 1764ರಲ್ಲಿ ಬುಗೆನ್‌ವಿಲ್ ಇಲ್ಲಿಂದ ಜನರನ್ನು ಕರೆದೊಯ್ದು ದಕ್ಷಿಣ ಅಟ್ಲಾಂಟಿಕ್‌ನ ದ್ವೀಪಗಳಲ್ಲಿ ನೆಲೆ ಹೂಡಿದ. ಊರಿನ ಹೆಸರಿನಿಂದಲೇ ಅವು ಮಾಲೂಯಿನ್ ಎನಿಸಿದವು, ಸ್ಪೇನಿನವರ ಬಾಯಲ್ಲಿ ಮಾಲ್ವಿನಾಸ್ ಆದವು. 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ಹೊಡೆದಾಡಿದ ಫಾಕ್‌ಲ್ಯಾಂಡ್ ದ್ವೀಪಗಳೆಂದರೆ ಇವೇ. ವಿಜ್ಞಾನಿಯೂ ಒಬ್ಬನಿದ್ದಾನೆ. 1698ರಲ್ಲಿ ಇಲ್ಲಿ ಹುಟ್ಟಿದ ಮೊಪೆರ್ತ್ವಿ 1736-37ರಲ್ಲಿ ಲ್ಯಾಪ್‌ಲ್ಯಾಂಡಿನ ಹಿಮದಲ್ಲಿ ನೆಲ ಅಳೆದು, ನ್ಯೂಟನ್ ಹೇಳಿದಂತೆ ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂಬುದನ್ನು ತೋರಿಸಿಕೊಟ್ಟ. ಆದರೆ ಪ್ರವಾಸಿಗರು ಕೇಳುವುದು ಅವನನ್ನಲ್ಲ, ಕಡಲ ಸಾಹಸಿಗಳನ್ನು.

ಈ ಸಾಹಸಿಗಳು ಕಡಲ್ಗಳ್ಳರಲ್ಲ, ರಾಜನ ಪರವಾನಗಿ ಪಡೆದು ಶತ್ರುದೇಶದ ಹಡಗುಗಳನ್ನು ಮಾತ್ರ ದೋಚುತ್ತಿದ್ದವರು ಎಂದು ಫ್ರೆಂಚರು ತಿದ್ದುತ್ತಾರೆ. ದೋಚಿಸಿಕೊಂಡವರಿಗೆ ಈ ವ್ಯತ್ಯಾಸ ಎಷ್ಟು ಸಮಾಧಾನ ಕೊಡುತ್ತಿತ್ತೋ! ಅವರಲ್ಲಿ ದುಗೆ ತ್ರುವಾನ್ 1711ರಲ್ಲಿ ರಿಯೋ ಡಿ ಜನೈರೊ ನಗರವನ್ನೇ ಹಿಡಿದು ಹಣ ವಸೂಲು ಮಾಡಿದ. ರಾಬರ್ಟ್ ಸುರ್ಕೂಫ್ 1800ರ ಅಕ್ಟೋಬರ್ 7ರಂದು ಬಂಗಾಳ ಕೊಲ್ಲಿಯಲ್ಲಿ, 18 ತೋಪುಗಳ ತನ್ನ ಸಣ್ಣ ಹಡಗಿನಿಂದ, ಇಮ್ಮಡಿ ತೋಪುಗಳಿದ್ದ ಈಸ್ಟ್ ಇಂಡಿಯಾ ಕಂಪನಿಯ ‘ಕೆಂಟ್’ ಹಡಗಿಗೆ ಹಾರಿ ವಶಪಡಿಸಿಕೊಂಡ. ಅವನ ಪ್ರತಿಮೆ ಊರಿನಲ್ಲಿ ಕಡಲತ್ತ ಬೆರಳು ತೋರುತ್ತ ನಿಂತಿದೆ. ಅದೇ ಸುರ್ಕೂಫ್ ಆಫ್ರಿಕದ ಜನರನ್ನು ಗುಲಾಮರನ್ನಾಗಿ ಸಾಗಿಸಿದವನೂ ಹೌದು. ಹಡಗುಮಾಲೀಕರ ಗ್ರಾನೈಟ್ ಮಹಲುಗಳ ಹಿಂದೆ ಆ ಹಣವೂ ಸ್ವಲ್ಪ ಇದೆ.

ನಮ್ಮ ಕಡೆಗೆ ಬಂದ ಇನ್ನೊಬ್ಬ, 1699ರಲ್ಲಿ ಹುಟ್ಟಿದ ಮಾಹೆ ದ ಲಾ ಬೂರ್ದೊನೆ. 1725ರಲ್ಲಿ ಫ್ರೆಂಚರು ಮಲಬಾರಿನ ಮಾಹೆಯನ್ನು ಹಿಡಿದಾಗ ಅಲ್ಲಿದ್ದವನು. ಊರಿಗೆ ಅವನ ಹೆಸರೋ, ಅಥವಾ ಮಲೆಯಾಳದ ‘ಮಯ್ಯಳಿ’ಯೇ ಮಾಹೆಯಾಯಿತೋ ಎಂಬ ವಾದ ಮುಗಿದಿಲ್ಲ. 1746ರಲ್ಲಿ ಅವನು ಇಂಗ್ಲಿಷರಿಂದ ಮದರಾಸನ್ನು ಕಸಿದುಕೊಂಡ; ಡೂಪ್ಲೆಯೊಡನೆ ಜಗಳವಾಡಿಕೊಂಡು ಊರಿಗೆ ಮರಳಿ ಬಾಸ್ತಿಲ್ ಸೆರೆಮನೆ ಕಂಡ. ಅದೇ ಮಾಹೆಯ ಮೂಲಕ ಮುಂದೆ ಹೈದರಾಲಿಗೆ ಫ್ರೆಂಚರ ಯುದ್ಧಸಾಮಗ್ರಿ ಬರುತ್ತಿತ್ತು. 1779ರಲ್ಲಿ ಇಂಗ್ಲಿಷರು ಅದನ್ನು ಕಿತ್ತುಕೊಂಡದ್ದು ಮರುವರ್ಷ ಆರಂಭವಾದ ಎರಡನೆಯ ಮೈಸೂರು ಯುದ್ಧಕ್ಕೆ ಒಂದು ಕಾರಣ.

ಕಡಲು ಕಾದ ಊರನ್ನು ಕೊನೆಗೆ ಸುಟ್ಟದ್ದು ನೆಲ ಮತ್ತು ಆಕಾಶದಿಂದ ಬಂದ ಬೆಂಕಿ. 1944ರ ಆಗಸ್ಟ್‌ನಲ್ಲಿ ಅಮೆರಿಕದ ಸೇನೆ ಬ್ರಿಟನಿಗೆ ನುಗ್ಗಿದಾಗ ಸಾಂ ಮಾಲೊ ಜರ್ಮನರ ಕೈಯಲ್ಲಿತ್ತು. ಅವರ ಸೇನಾಧಿಕಾರಿ ಫಾನ್ ಔಲಾಕ್ ಹಳೆಯ ಆಲೆತ್‌ನ ನೆಲದಡಿಯ ಕೋಟೆಯಲ್ಲಿ ಕುಳಿತು ಶರಣಾಗಲು ಒಪ್ಪಲಿಲ್ಲ. ಆಗಸ್ಟ್ 6ರಂದು ಇಗರ್ಜಿಯ ಗೋಪುರ ಉರುಳಿತು. ಗೋಡೆಯೊಳಗೆ ಸಾವಿರಾರು ಜರ್ಮನರಿದ್ದಾರೆಂಬ ಸುದ್ದಿ ನಂಬಿ ಅಮೆರಿಕನ್ನರು ಶೆಲ್ ಸುರಿದರು. ನಿಜವಾಗಿ ಇದ್ದವರು ತೀರ ಕಡಿಮೆ. ಊರಿನ ಮುನ್ನೂರಕ್ಕೂ ಹೆಚ್ಚು ಗಂಡಸರನ್ನು ಜರ್ಮನರು ‘ಫೋರ್ ನಾಸಿಯೊನಾಲ್’ ಎಂಬ ಕಡಲಕೋಟೆಯಲ್ಲಿ ಕೂಡಿಹಾಕಿದ್ದರು. ಉಬ್ಬರದಲ್ಲಿ ದ್ವೀಪವಾಗುವ ಆ ಕೋಟೆಯಿಂದ ತಮ್ಮ ಮನೆಗಳು ಉರಿಯುವುದನ್ನು ಅವರು ನೋಡುತ್ತಿದ್ದರು. ಅಲ್ಲಿಗೂ ಶೆಲ್ ಬಿದ್ದು ಹಲವರು ಸತ್ತರು. ಔಲಾಕ್ ಶರಣಾದದ್ದು 17ರಂದು. ಅಷ್ಟರಲ್ಲಿ ಗೋಡೆಯೊಳಗಿನ ಊರು ನೂರಕ್ಕೆ ಎಂಬತ್ತರಷ್ಟು ನಾಶವಾಗಿತ್ತು. ವಿಚಿತ್ರವೆಂದರೆ ಕೋಟೆಗೋಡೆ ಬಹುಮಟ್ಟಿಗೆ ಉಳಿಯಿತು: ಖಾಲಿ ಪಾತ್ರೆಯ ಅಂಚಿನಂತೆ.

ಅವಶೇಷಗಳನ್ನು ಗುಡಿಸಿ ಹೊಸ ಕಾಲದ ನಗರ ಕಟ್ಟಬಹುದಿತ್ತು. ಬ್ರಿಟನಿಯದೇ ಬ್ರೆಸ್ಟ್ ಬಂದರಿನಲ್ಲಿ ಹಾಗೆಯೇ ಮಾಡಿದರು. ಸಾಂ ಮಾಲೊದವರು ಒಪ್ಪಲಿಲ್ಲ. ಲೂಯಿ ಅರೆಟ್ಶ್ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ ಹಳೆಯ ಬೀದಿಗಳ ಜಾಡು, ಕಡಿದಾದ ಮಾಡು, ಎತ್ತರದ ಹೊಗೆಗೂಡು, ಬೂದುಬಣ್ಣದ ಗ್ರಾನೈಟ್ ಮುಖಗಳನ್ನು ಉಳಿಸಿಕೊಂಡು ಮತ್ತೆ ಕಟ್ಟಿದರು. ಕೆಲವು ಪಂಡಿತರು ಇದನ್ನು ನಕಲಿ ಎಂದು ಮೂಗು ಮುರಿದಿದ್ದಾರೆ. ಆದರೆ ಮನೆ ಸುಟ್ಟುಹೋದವನಿಗೆ ತನ್ನ ಬೀದಿಯ ತಿರುವು ಇದ್ದಲ್ಲೇ ಇದ್ದರೆ ಅದು ನಕಲಿಯೆನಿಸುವುದು ಕಷ್ಟ. ಎದುರಿನ ಸೆಜಾಂಬ್ರ್ ದ್ವೀಪಕ್ಕೆ ಆ ಭಾಗ್ಯ ಬರಲಿಲ್ಲ. ಸೆಪ್ಟೆಂಬರ್ 2ರವರೆಗೆ ಬಾಂಬು, ನೇಪಾಮ್ ತಿಂದ ಅದರ ಮಣ್ಣಿನಲ್ಲಿ ಸಿಡಿಯದ ಮದ್ದುಗುಂಡು ಹೂತಿದ್ದು, 2018ರಲ್ಲಿ ಒಂದು ಕಾಲುದಾರಿಯನ್ನಷ್ಟೇ ಜನರಿಗೆ ತೆರೆದರು.

ಊರು ಮತ್ತೆ ಎದ್ದ ಮೇಲೆ ಎಂಜಿನಿಯರುಗಳ ಕಣ್ಣು ಉಬ್ಬರದ ಮೇಲೆ ಬಿತ್ತು. ರಾನ್ಸ್ ದಡದಲ್ಲಿ ಉಬ್ಬರದ ನೀರನ್ನು ಕಟ್ಟೆಯಲ್ಲಿ ಹಿಡಿದಿಟ್ಟು, ಇಳಿತದಲ್ಲಿ ಬಿಟ್ಟು ಹಿಟ್ಟು ಬೀಸುವ ಗಿರಣಿಗಳು ಮಧ್ಯಯುಗದಿಂದಲೂ ಇದ್ದವು. ಅದೇ ತತ್ವವನ್ನು ಹಿಗ್ಗಿಸಿ ನದೀಮುಖಕ್ಕೆ ಸುಮಾರು 750 ಮೀಟರ್ ಉದ್ದದ ಅಣೆಕಟ್ಟು ಹಾಕಿದರು. ಒಳಗೆ ತಲಾ 10 ಮೆಗಾವಾಟ್‌ನ 24 ಟರ್ಬೈನುಗಳು. ನೀರು ಒಳಬರುವಾಗಲೂ ಹೊರಹೋಗುವಾಗಲೂ ತಿರುಗಬಲ್ಲಂಥವು. 1966ರ ನವೆಂಬರ್‌ನಲ್ಲಿ ಅಧ್ಯಕ್ಷ ದ ಗಾಲ್ ಇದನ್ನು ಉದ್ಘಾಟಿಸಿದರು. 2011ರಲ್ಲಿ ದಕ್ಷಿಣ ಕೊರಿಯದ ಸಿಹ್ವಾ ಕೇಂದ್ರ ಶುರುವಾಗುವವರೆಗೆ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಉಬ್ಬರ ವಿದ್ಯುತ್ ಕೇಂದ್ರ ಇರಲಿಲ್ಲ. ವರ್ಷಕ್ಕೆ ಸುಮಾರು 50 ಕೋಟಿ ಯೂನಿಟ್ ವಿದ್ಯುತ್ತು, ಕಲ್ಲಿದ್ದಲಿಲ್ಲ, ಹೊಗೆಯಿಲ್ಲ. ಚಂದ್ರ ಕೈಕೊಡುವುದಿಲ್ಲವಾದ್ದರಿಂದ ಎಷ್ಟು ಹೊತ್ತಿಗೆ ಎಷ್ಟು ಸಿಕ್ಕೀತೆಂದು ವರ್ಷಗಳ ಮೊದಲೇ ಲೆಕ್ಕ ಹಾಕಬಹುದು.

ಬೆಲೆ ತೆತ್ತದ್ದು ನದಿ. ಕಟ್ಟುವ ಅನುಕೂಲಕ್ಕಾಗಿ ಸುಮಾರು ಮೂರು ವರ್ಷ ನದೀಮುಖವನ್ನು ಕಡಲಿನಿಂದ ಮುಚ್ಚಿಬಿಟ್ಟರು. ಉಪ್ಪುನೀರಿನ ಜೀವಿಗಳು ರಾಶಿರಾಶಿಯಾಗಿ ಸತ್ತವು. ಜೀವಜಾಲ ಒಂದು ಸಮತೋಲನಕ್ಕೆ ಬರಲು ಹತ್ತು ವರ್ಷ ಹಿಡಿಯಿತು. ಕೆಲವು ಮೀನುಗಳು ಮರಳಿದವು, ಮರಳಿನಲ್ಲಿ ಹೂತಿರುತ್ತಿದ್ದ ಸಣ್ಣ ಮೀನುಗಳ ಕಾಲ ಮುಗಿಯಿತು. ನೀರಿನ ಓಟ ತಗ್ಗಿದ್ದರಿಂದ ಒಳಭಾಗದಲ್ಲಿ ಹೂಳು ತುಂಬುತ್ತ ಬಂದಿದೆ. ಅದನ್ನು ತೆಗೆಯುವವರು ಯಾರು, ಎಲ್ಲಿ ಸುರಿಯುವುದು ಎಂಬ ಜಗಳ ಅರ್ಧ ಶತಮಾನದ ನಂತರವೂ ಬಗೆಹರಿದಿಲ್ಲ. ಉಬ್ಬರ ವಿದ್ಯುತ್ತನ್ನು ಹೊಗಳುವ ಪಠ್ಯಪುಸ್ತಕಗಳಲ್ಲಿ ಈ ಹೂಳಿಗೆ ಒಂದು ಸಾಲೂ ಸಿಗುವುದು ಅಪರೂಪ.

ಕೋಟೆಗೋಡೆಯ ಹೊರಗೆ ಗ್ರಾಂ ಬೆ ಎಂಬ ಪುಟ್ಟ ದ್ವೀಪವಿದೆ. 1768ರಲ್ಲಿ ಈ ಊರಿನಲ್ಲಿ ಹುಟ್ಟಿದ ಲೇಖಕ ಶಾತೋಬ್ರಿಯಾಂ ತನ್ನನ್ನು ಅಲ್ಲಿ, ಕಡಲಿಗೆ ಎದುರಾಗಿ ಹೂಳಬೇಕೆಂದು ಕೇಳಿಕೊಂಡಿದ್ದ. 1848ರಲ್ಲಿ ಹಾಗೆಯೇ ಮಾಡಿದರು. ಸಮಾಧಿಯ ಮೇಲೆ ಹೆಸರಿಲ್ಲ, ಒಂದು ಶಿಲುಬೆ ಮಾತ್ರ. ಇಳಿತದ ಹೊತ್ತಿನಲ್ಲಿ ಕಲ್ಲುಹಾಸಿನ ದಾರಿ ಮೇಲೇಳುತ್ತದೆ, ಜನ ನಡೆದು ಹೋಗಿ ನೋಡಿ ಬರುತ್ತಾರೆ. ಮೂರನೆಯ ತಾಸಿನ ಲೆಕ್ಕ ತಿಳಿಯದ ಕೆಲವರು ಪ್ರತಿವರ್ಷವೂ ಅಲ್ಲಿ ಸಿಕ್ಕಿಬೀಳುತ್ತಾರೆ. ದಾರಿಯ ಮೇಲೆ ನೀರು ಬಂದಿದ್ದರೆ ದಾಟುವ ಸಾಹಸ ಮಾಡದೆ ದ್ವೀಪದಲ್ಲೇ ಉಳಿಯಬೇಕೆಂಬುದು ಅಲ್ಲಿನ ಎಚ್ಚರಿಕೆ. ಕುಳಿತರೆ ಸುಮಾರು ಆರು ತಾಸು. ಎದುರಿಗೆ ಗೋಡೆಯ ಬುಡದಲ್ಲಿ, 1937ರಲ್ಲಿ ಕಟ್ಟಿದ ಈಜುಕೊಳ ಕಡಲಿನೊಳಗೆ ಮುಳುಗಿ, ಅದರ ಧುಮುಕುವ ಕಟ್ಟೆಯ ತುದಿ ಮಾತ್ರ ನೀರಿನ ಮೇಲೆ ಕಾಣುತ್ತಿರುತ್ತದೆ.